ಅಪ್ಪನ ಕೈಯ ಖಾರ

ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಈಗಲೂ ಮೊದಲು ನನ್ನನ್ನು ಮಾತಾಡಿಸುವುದು ಮೆಣಸಿನಕಾಯಿಯ ಘಾಟು. ಜೊತೆಗಿದ್ದವರು ಸೀನುತ್ತ ಕರ್ಚೀಫು ಹುಡುಕುತ್ತಾರೆ. ನನಗೋ, ಅಪ್ಪ ಬಂದ ಅನ್ನಿಸುತ್ತದೆ. ಸಿಲ್ಲಿ, ಐ ನೋ. ಆದರೆ ನಿಮಗೂ ಅಂಥದೊಂದು ವಾಸನೆ ಇದ್ದೇ ಇರಬೇಕು.

ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಗುಮಾಸ್ತರಿದ್ದರೂ ಅಪ್ಪ ತಾನೇ ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು ಬಣ್ಣ ನೋಡಬೇಕು. ಒಂದು ವರ್ಷ ನಾನು ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗಿನಿಂದ ಸಮ್ಮರ್ ಹಾಲಿಡೇಸಿಗೆ ಬಂದಾಗ ಮನೆಯಲ್ಲಿ ಹೊಸ ತಮ್ಮನಿದ್ದ, ಬಹಳ ವರ್ಷ ಕಾದ ಮೇಲೆ ಹುಟ್ಟಿದವ. ಅಪ್ಪನ ತಾಯಿ, ನಮ್ಮ ಆಯಿ, ಆ ಬಿಸಿಲಿನಲ್ಲೂ ಕೂಸಿಗೆ ಎಣ್ಣೆ ತಿಕ್ಕಿ, ತಲೆಗೆ ಕುಲಾಯಿ ಕಟ್ಟಿ, ಕೌದಿಯಲ್ಲಿ ಸುತ್ತಿ ಮಲಗಿಸುತ್ತಿದ್ದಳು. ಬೆವರಿಗೆ ಹೊರಬೀಳಲು ದಾರಿಯೇ ಸಿಗದೆ ಕುತ್ತಿಗೆ, ಕಂಕುಳ ತುಂಬ ಸಾಸಿವೆಯಂಥ ಕೆಂಪು ಬೆವರುಸಾಲೆ ಎದ್ದಿತು. ನಮ್ಮ ಕಾನ್ವೆಂಟಿನ ಸಿಸ್ಟರ್ಸ್ ಇಂಗ್ಲಿಷಿನಲ್ಲಿ ಪ್ರಿಕ್ಲಿ ಹೀಟ್. "ಕೂಸಿಗೆ ಗಾಳಿ ಆಡಲಿ" ಎಂದು ಡಾಕ್ಟರು ಎಲ್ಲವನ್ನೂ ಬಿಚ್ಚಿಸಿದರು. ಅವತ್ತೇ ಸಂಜೆ ಅಪ್ಪ ಅಂಗಡಿಯಿಂದ ಬಂದವನು ಕೈ ತೊಳೆದು, ಬರಿಮೈ ಕೂಸನ್ನು ಆಸೆಯಿಂದ ಎತ್ತಿಕೊಂಡ. ಖಾರ ಬರೀ ನೀರಿಗೆ ಹೋಗುತ್ತದೆಯೇ? ಕೂಸು ಚಿಟ್ಟನೆ ಚೀರಿತು. ಅವ್ವ ಕಸಿದುಕೊಂಡು ತೊಯ್ಸಿದ ಅರಿವೆಯಿಂದ ಒರೆಸಿದಳು. "ಇದು ಆರೂತನಕ ನೀವು ಮುಟ್ಟಬ್ಯಾಡ್ರಿ."

"ನನ್ನ ಮಗನ್ನ ನಾ ಮುಟ್ಟಬಾರದೇನ?"

"ಮುಟ್ರಿ. ಆಮ್ಯಾಲೆ ರಾತ್ರಿಯೆಲ್ಲಾ ನೀವ ತೂಗ್ರಿ."

ಅಂದಿನಿಂದ ಅಪ್ಪ ಸಂಜೆ ಬಂದು ಕೈಗೆ ಎಣ್ಣೆ ತಿಕ್ಕುವನು, ಮಜ್ಜಿಗೆ ಸುರಿದುಕೊಳ್ಳುವನು. ಆಮೇಲೆ ಖಾರ ಹೋಗಿದೆಯೋ ಎಂದು ನೋಡಲು ಬೆರಳನ್ನು ತನ್ನದೇ ಕಣ್ಣಂಚಿಗೆ ಒತ್ತಿ ಕಾಯುವನು. ಉರಿ ಹತ್ತಿ ನೀರಿಳಿಯುವುದು. ಸುಮ್ಮನೆ ತೊಟ್ಟಿಲಿನಿಂದ ಮಾರು ದೂರ ಕುಳಿತು ಬೀಸಣಿಕೆಯಿಂದ ಗಾಳಿ ಹಾಕುವನು. "ಏನಪಾ ಸಾವಕಾರ, ಮಗನ ಮನ್ಯಾಗ ಆಳ ಆದ್ಯಾ?" ಎಂದು ಆಯಿ ಚುಡಾಯಿಸುತ್ತಿದ್ದಳು. ಕೂಸು ಅವನತ್ತ ಕಣ್ಣರಳಿಸಿದರೆ ಅವನ ಕೈ ತಾನಾಗಿ ಮುಂದೆ ಹೋಗಿ ಅರ್ಧಕ್ಕೇ ನಿಲ್ಲುತ್ತಿತ್ತು.

ಅಮಾವಾಸ್ಯೆಗೆ ಅಂಗಡಿ ಮುಚ್ಚಿದ್ದ ಮಧ್ಯಾಹ್ನ ಅಪ್ಪ ಮತ್ತೆ ಬೆರಳು ಕಣ್ಣಿಗಿಟ್ಟ. ಕಾದ. "ಉರೀವಲ್ದು!" ಎಂದು ಹುಡುಗನಂತೆ ಕೂಗಿದ. ಅವ್ವ ಕೂಸನ್ನು ಅವನ ಅಂಗೈಗಿಟ್ಟಳು. ಅದು ಅಳಲಿಲ್ಲ, ಅವನ ಬೆರಳು ಹಿಡಿದುಕೊಂಡಿತು. ಅಪ್ಪ ಸೆಕೆಗೆ ಅಂಗಿ ಬಿಚ್ಚಿದ್ದ. ಆಯಿಗೆ ತೋರಿಸಲೆಂದು ಅತ್ತ ತಿರುಗಿದಾಗ ಅವನ ಬೆನ್ನು ನಮಗೆ ಕಂಡಿತು. ಕುತ್ತಿಗೆಯಿಂದ ಸೊಂಟದವರೆಗೆ ಅದೇ ಬೆವರುಸಾಲೆ, ಮೆಣಸಿನ ಧೂಳು ಕುಳಿತು ಕೆಂಡವಾಗಿತ್ತು. ಇಷ್ಟು ದಿನ ಅದರ ಬಗ್ಗೆ ಅವನು ಒಂದು ಮಾತೂ ಆಡಿರಲಿಲ್ಲ.

ಆಯಿಯ ಎದುರು ಅಪ್ಪನನ್ನು ಮುಟ್ಟುವುದಿರಲಿ, ಹೆಸರನ್ನೂ ಹೇಳದಿದ್ದ ಅವ್ವ, ಕೂಸಿಗೆಂದು ತೇದಿಟ್ಟ ಗಂಧ ತಂದು, "ಅಲ್ಲಾಡಬ್ಯಾಡ್ರಿ" ಎಂದು ಆ ಬೆನ್ನಿಗೆ ಮೆಲ್ಲಗೆ ಹಚ್ಚತೊಡಗಿದಳು. ಆಯಿ ನೋಡದವಳಂತೆ ಗೋಡೆ ಕಡೆ ಹೊರಳಿ ಮಲಗಿದಳು. ಈಗ ಅವರಲ್ಲಿ ಯಾರೂ ಇಲ್ಲ, ತಮ್ಮನೂ ಇಲ್ಲ. ಆ ಮಧ್ಯಾಹ್ನವನ್ನು ಕಂಡವಳು ಅಂತ ಉಳಿದಿರುವುದು ನಾನೊಬ್ಬಳೇ.