ಹೆಡರ್ ಇಲ್ಲದ ಊಟದ ಕರೆ

ನಮ್ಮ ದೊಡ್ಡವ್ವ ಒಂದು ವಿಷಯವನ್ನು ನೇರವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಪಕ್ಕದ ಓಣಿಯವರು ಊಟಕ್ಕೆ ಕರೆದಿದ್ದಾರೆ ಎನ್ನಬೇಕಾದರೂ, ಆ ಕರೆ ಆಲೂರು ಬಸ್ಸಿನಲ್ಲಿ ಯಾರ ಕಿವಿಗೆ ಬಿತ್ತು, ಆಕೆ ಯಾರ ಸೊಸೆ, ಹೂವಿನಂಗಡಿಯ ಮುಂದೆ ಅದನ್ನು ಯಾರಿಗೆ ಹೇಳಿದಳು, ಇಷ್ಟೆಲ್ಲ ಆದಮೇಲೆಯೇ ಊಟ. ತೆಲುಗು ಸೀಮೆಯ ಗಡಿಯೂರು ಆದವಾನಿಯ ಇಂಥ ಹಿರಿಯರಿಂದಲೇ ಮಾತು ಕಲಿತವನು ನಾನು. ಆದರೂ ಈ ಪೀಠಿಕೆ ಮಾತ್ರ ನನಗೆ ಒಗ್ಗಿರಲಿಲ್ಲ.

ಬಿಡುವಿನಲ್ಲಿ ನಾನೊಂದು ನ್ಯೂಸ್‌ರೀಡರಿನ ಕೋಡು ನೋಡಿಕೊಳ್ಳುತ್ತೇನೆ. ಅಂತರ್ಜಾಲದ ಹಳೆಯ ಚರ್ಚಾಗುಂಪುಗಳ ಸಂದೇಶಗಳನ್ನು ಓದಿಸುವ ತಂತ್ರಾಂಶ ಅದು; ಈಗ ಬಳಸುವವರು ನನ್ನಂಥ ಹಟಮಾರಿಗಳು. ಪ್ರತಿ ಸಂದೇಶದ ತಲೆಯ ಮೇಲೂ ಹೆಡರ್ ಎಂಬ ಸಾಲುಗಳಿರುತ್ತವೆ: ಯಾರು ಬರೆದರು, ಯಾವ ಮಾತಿಗೆ ಉತ್ತರವಾಗಿ ಬರೆದರು, ಯಾವ ಯಾವ ಯಂತ್ರ ದಾಟಿ ಬಂತು. ಥೇಟು ದೊಡ್ಡವ್ವನ ಪೀಠಿಕೆ.

ಎಮ್ಮಿಗನೂರಿನ ಗೆಳತಿ ಪದ್ಮಾ ಹೋದ ವಾರ ಒಂದು ಬದಲಾವಣೆ ಕಳಿಸಿದಳು. ಬರೆದವರ ಹೆಸರು ಮತ್ತು ವಿಷಯ ಉಳಿಸಿಕೊಂಡು ಮಿಕ್ಕ ಹೆಡರನ್ನೆಲ್ಲ ಎಸೆದುಬಿಡುವ ಕೋಡು. ಚೊಕ್ಕವಾಗಿತ್ತು, ಸರಸರ ಓಡುತ್ತಿತ್ತು. ಪರಿಶೀಲಿಸಿ ಹೂಂ ಅನ್ನಬೇಕಾದವನು ನಾನು. ಹೂಂ ಅಂದರೆ ಹೊಸ ಆವೃತ್ತಿಯಲ್ಲಿ ಅದು ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ.

“ಒಪ್ಪಿಬಿಡ್ರಿ ಅಣ್ಣ, ಅಷ್ಟೆಲ್ಲ ಕಸ ಯಾರು ಓದ್ತಾರ?” ಎಂದಳು ಫೋನಿನಲ್ಲಿ. ನನ್ನ ಬೆರಳು ಒಪ್ಪಿಗೆಯ ಗುಂಡಿಯ ಹತ್ತಿರವೇ ಇತ್ತು.

ಅಷ್ಟರಲ್ಲಿ ದೊಡ್ಡವ್ವ ಬಂದಳು. “ಆಲೂರು ಬಸ್ಸಿನ್ಯಾಗ ನಮ್ಮ ನಾಗಮ್ಮನ ಸೊಸಿ ಬಂದಿದ್ಲಪ್ಪ, ಆಕಿ…”

“ದೊಡ್ಡವ್ವ, ವಿಷಯ ಅಷ್ಟ ಹೇಳು.”

ಮುಖ ಬಿಗಿದುಕೊಂಡು ಅಷ್ಟೇ ಹೇಳಿದಳು: “ಈರಣ್ಣನ ಮನ್ಯಾಗ ನಾಳಿ ತೊಟ್ಲ. ಊಟಕ್ಕ ಹೋಗು.”

ಉರುಕುಂದದ ಈರಣ್ಣಸ್ವಾಮಿಯ ಕೃಪೆಯಿಂದ ನಮ್ಮಲ್ಲಿ ಓಣಿಗೊಬ್ಬ ಈರಣ್ಣ. ಯಾವ ಈರಣ್ಣ ಎಂದು ಕೇಳಲು ನನಗೆ ಬಿಗುಮಾನ. ಮರುದಿನ ಕೂಸಿಗೆ ಆಡಲು ಒಂದು ಗಿಲಕಿ ಕೊಂಡು, ನನಗೆ ಗೊತ್ತಿದ್ದ ಈರಣ್ಣ ಮಾವನ ಮನೆಗೆ ಹೋದೆ. ಅಲ್ಲಿ ಮುದುಕ ಮುದುಕಿ ಇಬ್ಬರೇ ಶೇಂಗಾ ಸುಲಿಯುತ್ತ ಕೂತಿದ್ದರು. ಅತ್ತೆ ಗಿಲಕಿ ನೋಡಿದರು, ಆಮೇಲೆ ಎಪ್ಪತ್ತು ದಾಟಿದ ಗಂಡನನ್ನು ನೋಡಿದರು.

“ಏನ್ರಿ, ನಂಗ ಗೊತ್ತಾಗಲಾರ್ದಂಗ ಎಲ್ಲಿ ತೊಟ್ಲ ಕಟ್ಟೀರಿ?”

“ನಾಕೇಂ ತೆಲುಸು,” ಎಂದರು ಮಾವ. ಇಕ್ಕಟ್ಟಿಗೆ ಸಿಕ್ಕಾಗ ತೆಲುಗಿಗೆ ಜಾರಿ, ನನಗೇನು ಗೊತ್ತು ಎಂದುಬಿಡುವುದು ನಮ್ಮವರ ವಾಡಿಕೆ.

ರೊಟ್ಟಿ ತಿನ್ನಿಸದೆ ಅವರು ಬಿಡಲಿಲ್ಲ. ಸರಿಯಾದ ಈರಣ್ಣನ ಮನೆ ಹುಡುಕಿ ಮುಟ್ಟುವ ಹೊತ್ತಿಗೆ ಕೂಸಿಗೆ ಹೆಸರಿಟ್ಟಾಗಿತ್ತು, ಎಲೆ ಎತ್ತಿದ್ದರು, ಕೂಸೂ ಮಲಗಿತ್ತು.

ಮನೆಗೆ ಬಂದವನೇ ಪದ್ಮಾಳ ಕೋಡನ್ನು ಮತ್ತೆ ತೆರೆದೆ. ಯಾವುದು ಯಾವ ಮಾತಿಗೆ ಉತ್ತರ ಎಂಬುದೆಲ್ಲ ಅವಳು ಎಸೆದ ಸಾಲುಗಳಲ್ಲೇ ಇತ್ತು. ಅವು ಹೋದರೆ, ಜನ ವರ್ಷಗಟ್ಟಲೆ ಆಡಿದ ಮಾತುಕತೆಯಲ್ಲಿ ಒಂದೊಂದು ಉತ್ತರವೂ ಗಿಲಕಿ ಹಿಡಿದು ಯಾರದೋ ಬಾಗಿಲಲ್ಲಿ ನಿಲ್ಲುತ್ತದೆ. ಓದುವವರಿಗೆ ತೋರಿಸದಿದ್ದರೂ ಸರಿ, ಎಸೆಯಬೇಡ ಎಂದು ಬರೆದೆ. ನನ್ನ ಗಿಲಕಿಯ ಕಥೆಯನ್ನೂ ಸೇರಿಸಿದೆ.

ಪದ್ಮಾ ಎರಡು ದಿನ ಮುನಿಸಿಕೊಂಡಿದ್ದು ಆಮೇಲೆ ಫೋನ್ ಮಾಡಿದಳು. “ಎಲ್ಲಾನೂ ಮಡಚಿ ಒಳಗಿಟ್ಟೀನಿ ಅಣ್ಣ. ಬೇಕಂದವ್ರು ಬಿಚ್ಚಿ ನೋಡ್ಲಿ.” ಎಷ್ಟಾದರೂ ನೇಕಾರರ ಊರಿನವಳು. ಒಪ್ಪಿದೆ.

ನಿನ್ನೆ ದೊಡ್ಡವ್ವ ಮತ್ತೆ ಬಂದಳು. ಕೀಬೋರ್ಡು ಸರಿಸಿ, ಕುರ್ಚಿ ಹಾಕಿ, ಕೇಳುತ್ತ ಕೂತೆ. ಬಸ್ಸು, ಸೊಸೆ, ಹೂವಿನಂಗಡಿ ಎಲ್ಲ ದಾಟಿ, ಚಹಾ ಕುಡಿದು ಬಟ್ಟಲು ಕೆಳಗಿಟ್ಟಳು.

“ವಿಷಯ ಏನು ದೊಡ್ಡವ್ವ?”

“ಅದ ಮರ್ತೀನಿ ನೋಡು.”

ನನಗೆ ಬೇಸರವಾಗಲಿಲ್ಲ. ಸುದ್ದಿ ಬಂದ ದಾರಿ ಪೂರ್ತಿ ಗೊತ್ತಿತ್ತಲ್ಲ. ಚಪ್ಪಲಿ ಮೆಟ್ಟಿ ಹೂವಿನಂಗಡಿಯ ಕಡೆ ಹೊರಟೆ.