ಕಡಿಮೆ ಕೂಗುವ ಸ್ಪೀಕರ್

ನನ್ನ ಕೀಬೋರ್ಡಿನ ಬಲಗಡೆ ಒಂದು ಬಟನ್ ಇದೆ. ಅದನ್ನು ಒತ್ತಿ ನುಡಿಸಿದರೆ ಗಿಟಾರ್ ಬಾರಿಸಿದಂತೆಯೇ ಸದ್ದು ಬರುತ್ತದೆ. ಅಂಥದ್ದೊಂದು ಬಟನ್ ಇದೆಯೆಂದು ನಮ್ಮ ಆರ್ಕೆಸ್ಟ್ರಾದ ಯಜಮಾನ ಲಿಂಗರಾಜಣ್ಣನಿಗೆ ಗೊತ್ತಾದ ದಿನವೇ ನನ್ನ ಗೆಳೆಯ ರೇಣುಕಾಪ್ರಸಾದನ ಕುರ್ಚಿ ಅಲ್ಲಾಡತೊಡಗಿತು. ಒತ್ತಬೇಕಾದ ಬೆರಳು ನನ್ನದು. ಹಾಗಾಗಿ ಇದನ್ನು ಹೇಳುವಾಗ ನಡುನಡುವೆ ನನಗೆ ಸಿಟ್ಟು ಬಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ರೇಣುಕಾ ಪಿರಿಯಾಪಟ್ಟಣ ತಾಲ್ಲೂಕಿನವನು. ಹಾರನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಹೆಗಲಲ್ಲಿ ಗಿಟಾರ್. ಹುಣಸೂರಿನಲ್ಲಿ ಕಾಲೇಜು ಓದುವಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿದ್ದೆವು. ನಾನು ಕೀಬೋರ್ಡ್ ಹಿಡಿದೆ, ಅವನು ಗಿಟಾರ್ ಹಿಡಿದ. ಪರೀಕ್ಷೆಯಲ್ಲಿ ಇಬ್ಬರೂ ಏನನ್ನೂ ಹಿಡಿಯಲಿಲ್ಲ. ಸೊಪ್ಪು ಮುರಿಯುವ ದಿನಗಳಲ್ಲಿ ಅವನ ಬೆರಳಿಗೆಲ್ಲ ಕಪ್ಪು ಅಂಟು ಮೆತ್ತಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದೇ ಬೆರಳಿನಲ್ಲಿ ಸಂಜೆ ಬಂದು ಮದುವೆ ಆರತಕ್ಷತೆಗಳಲ್ಲಿ ಬಾರಿಸುತ್ತಾನೆ. ಅವನ ಗಿಟಾರಿನ ತಂತಿಗಳೂ ಕಪ್ಪು.

ಅವನಿಗೆ ಬೇಕಾದದ್ದು ಒಂದೇ ಒಂದು ದನಿ. ಓವರ್‌ಡ್ರೈವ್ ಅನ್ನುತ್ತಾರೆ. ನಾನು ಅದನ್ನು ಗೊಗ್ಗರು ಅನ್ನುತ್ತೇನೆ. ಹೊತ್ತೆಲ್ಲ ಕೂಗಿ ಕೂಗಿ ಗಂಟಲು ಕಟ್ಟಿದ ಹೆಂಗಸು ಕೊನೆಗೊಮ್ಮೆ ಮಗುವನ್ನು ಕರೆಯುತ್ತಾಳಲ್ಲ, ಹಾಗಿರುತ್ತದೆ. ಆ ದನಿಗಾಗಿಯೇ ಅವನು ಎಚ್.ಡಿ. ಕೋಟೆ ದಾಟಿ, ಎನ್. ಬೇಗೂರು ದಾಟಿ, ವಯನಾಡಿನ ಚರ್ಚೊಂದರಿಂದ ಗಿಟಾರಿನ ಸದ್ದು ಹಿಗ್ಗಿಸುವ ಹಳೆಯ ಆಂಪ್ ಒಂದನ್ನು ಕೊಂಡು ತಂದಿದ್ದ. ಹಳೆ ರೇಡಿಯೊಗಳಲ್ಲಿ ಇರುತ್ತಿತ್ತಲ್ಲ, ಅಂಥ ಗಾಜಿನ ವಾಲ್ವುಗಳಿರುವ ಮರದ ಪೆಟ್ಟಿಗೆ. ಹಿಂಬದಿ ತೆರೆದಿದೆ, ಒಳಗೆ ಒಂದು ಸ್ಪೀಕರ್.

ಈ ಪೆಟ್ಟಿಗೆಯ ಹಣೆಬರಹ ಹೀಗಿದೆ. ವಾಲ್ಯೂಮ್ ಗುಂಡಿಯನ್ನು ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿಸಿದರೆ ಮಾತ್ರ ವಾಲ್ವು ದಣಿದು ಗೊಗ್ಗರು ಹುಟ್ಟುತ್ತದೆ. ಅಷ್ಟು ತಿರುಗಿಸಿದರೆ ಛತ್ರದಲ್ಲಿ ಊಟಕ್ಕೆ ಕೂತವರ ಎಲೆಯೂ ನಡುಗುತ್ತದೆ. ಇಳಿಸಿದರೆ ದನಿ ತೊಳೆದ ಪಾತ್ರೆಯಂತೆ ಚೊಕ್ಕಟ, ಗೊಗ್ಗರು ಮಾಯ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು.

"ಒಂದು ಪೆಡಲ್ ತಗಳ್ಲಾ, ಕಾಲಲ್ಲಿ ಒತ್ತುದ್ರೆ ಸಣ್ಣ ಸದ್ದಲ್ಲೂ ಗೊಗ್ಗರು ಬತ್ತದೆ," ಎಂದು ನಾನು ಹೇಳಿದ್ದೆ.

"ಅದು ಮಿಮಿಕ್ರಿ ಕಣ್ಲಾ," ಅಂದ.

ಮಿಮಿಕ್ರಿ ಮಾಡಿ ಸಂಸಾರ ಸಾಕಿದವರು ಎಷ್ಟೋ ಜನ ಇದ್ದಾರೆ ಎಂದೆ. ಅವನು ನನ್ನ ಕೀಬೋರ್ಡನ್ನು ನೋಡಿದ.

ಶ್ರಾವಣ ಹುಟ್ಟಿದ ಮೇಲೆ ಹುಣಸೂರಿನಲ್ಲಿ ಮೊದಲ ಆರತಕ್ಷತೆ. ಅಲ್ಲಿ ರೇಣುಕಾ ಗುಂಡಿ ತಿರುಗಿಸಿದ. ಹುಡುಗಿಯ ಸೋದರಮಾವ ಕೈಯಲ್ಲಿ ಲಾಡು ಹಿಡಿದುಕೊಂಡೇ ವೇದಿಕೆ ಹತ್ತಿದ. "ಏನ್ರೀ ಇದು, ಬೀಗ್ರು ಮಾತಾಡದು ಕೇಳಕಿಲ್ಲ, ಎದ್ದೋಯ್ತಾವ್ರೆ," ಅಂದ. ಇಡೀ ಆರ್ಕೆಸ್ಟ್ರಾದಲ್ಲಿ ಅವನು ಬೆರಳು ತೋರಿದ್ದು ರೇಣುಕಾನ ಪೆಟ್ಟಿಗೆಯನ್ನು ಮಾತ್ರ. ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಲಿಂಗರಾಜಣ್ಣ ನಮ್ಮಿಬ್ಬರನ್ನೂ ಕರೆದ.

"ನೋಡ್ಲಾ ರೇಣುಕಾ, ಶ್ರಾವಣದ ಕೊನೇಗೆ ಕೆ.ಆರ್. ನಗರದ್ದು ದೊಡ್ಡ್ ಮದ್ವೆ. ಅಷ್ಟೊತ್ಗೆ ನಿನ್ ಪೆಟ್ಗೆ ಬಾಯಿ ಸರಿ ಮಾಡ್ಕೊ. ಇಲ್ದಿದ್ರೆ ಶಶಿ ಬಟನ್ ಒತ್ತಾನೆ. ನಂಗೂ ಒಂದ್ ಕುರ್ಚಿ ಉಳೀತದೆ."

ಶಶಿ ಅಂದರೆ ನಾನೇ, ಶಶಿಕುಮಾರ. ನನ್ನನ್ನು ಯಾರೂ ಕೇಳಲಿಲ್ಲ.

ರೇಣುಕಾ ಬಸ್ಸಿನಲ್ಲಿ ಮಾತು ಶುರು ಮಾಡಿದ, ನಿಲ್ಲಿಸಲಿಲ್ಲ. ತಪ್ಪು ಆಂಪಿನದಲ್ಲವಂತೆ, ಸ್ಪೀಕರಿನದಂತೆ. ಒಂದೇ ಕರೆಂಟ್ ಕೊಟ್ಟರೂ ಒಂದು ಸ್ಪೀಕರ್ ಹೆಚ್ಚು ಕೂಗುತ್ತದಂತೆ, ಇನ್ನೊಂದು ಕಡಿಮೆ ಕೂಗುತ್ತದಂತೆ. ವ್ಯಾಟ್ ನೋಡಿ ಅದನ್ನು ಹೇಳಲಾಗದು. ವ್ಯಾಟ್ ಅಂದರೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದಷ್ಟೆ. ಕಡಿಮೆ ಕೂಗುವ ಸ್ಪೀಕರ್ ಹಾಕಿದರೆ ಗುಂಡಿಯನ್ನು ಕೊನೆಗೆ ತಿರುಗಿಸಬಹುದು, ವಾಲ್ವು ದಣಿಯುತ್ತದೆ, ಗೊಗ್ಗರು ಬರುತ್ತದೆ, ಬೀಗರೂ ಮಾತಾಡಿಕೊಳ್ಳಬಹುದು. ಕೇಳುವಾಗ ಎಲ್ಲ ಸರಿಯಾಗಿಯೇ ಇತ್ತು. ಅವನ ಮಾತು ಯಾವಾಗಲೂ ಹಾಗೆಯೇ, ಕೆಡುವುದು ಕೆಲಸಕ್ಕೆ ಇಳಿದ ಮೇಲೆ.

ಹುಣಸೂರಿನಲ್ಲಿ ಸೌಂಡ್ ಸರ್ವಿಸ್ ಇಟ್ಟಿರುವ ಸುನೀಲ್‌ಕುಮಾರನ ಅಂಗಡಿಗೆ ಹೋದೆವು. ನಮ್ಮ ಕಡೆ ಸೌಂಡ್ ಅಂದರೆ ಮರ್ಯಾದೆ. ಯಾರ ಮನೆ ಮದುವೆ ಮೂರು ಊರಿಗೆ ಕೇಳಿತೋ ಅವರದ್ದು ಮದುವೆ. ಅಂಥ ಊರಲ್ಲಿ ಅಂಗಡಿ ಇಟ್ಟವನಿಗೆ ರೇಣುಕಾ ಕಡಿಮೆ ಕೂಗುವ ಸ್ಪೀಕರ್ ಕೇಳಿದ.

"ಬಾಡ್ಗೆಗ್ ಕೊಡಕಾ ಅಣ್ಣ?"

"ನಂಗೇಯ."

"ಜೋರಾಗ್ ಕೂಗೋದು ಕೇಳ್ಕಂಡ್ ಬತ್ತಾರೆ. ಕೂಗ್ದೆ ಇರೋದು ಕೇಳಿದ್ದು ನೀವೇ ಮೊದ್ಲು," ಎಂದು ಸುನೀಲ್‌ಕುಮಾರ ನನ್ನ ಮುಖ ನೋಡಿದ. ಇವನ ತಲೆ ನೆಟ್ಟಗಿದೆಯೇ ಎಂದು ಕೇಳುವ ನೋಟ ಅದು. ನಾನು ಭುಜ ಕುಣಿಸಿದೆ.

ಕೊನೆಗೆ ಅವನ ಅಟ್ಟದಿಂದ ಎರಡು ಗಿಟಾರ್ ಸ್ಪೀಕರ್ ಇಳಿದವು. ಒಂದು ಹಳೆಯದು, ಸಣ್ಣ ಮ್ಯಾಗ್ನೆಟ್, ಕಂದು ಕಾಗದದ ಕೋನು. ಇನ್ನೊಂದು ದೊಡ್ಡ ಮ್ಯಾಗ್ನೆಟ್ಟಿನದು, ಹೊಸದರಂತೆ ಹೊಳೆಯುತ್ತಿತ್ತು. ರೇಣುಕಾ ದುಡ್ಡು ಕೊಟ್ಟು ಎರಡನ್ನೂ ಹೊತ್ತುಕೊಂಡು ಬಂದ, ಬಾರಿಸಿ ನೋಡಿಯೇ ಆರಿಸುತ್ತೇನೆ ಅಂದ.

ಬಾರಿಸಿ ನೋಡುವುದು ಎಲ್ಲಿ? ಮನೆಯಲ್ಲಿ ಆಗದು. "ನಿಮ್ ಪೆಟ್ಗೆ ಸದ್ದಿಗೆ ಎಮ್ಮೆ ಹಾಲ್ ಕೊಡಕಿಲ್ಲ, ತಗಂಡೋಗಿ ಬ್ಯಾರನ್‌ಗೆ ಮಡಿಕಳಿ," ಎಂದು ಅವನ ಹೆಂಡತಿ ಪುಷ್ಪಾ ಎಂದೋ ಹೇಳಿಯಾಗಿತ್ತು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ದಪ್ಪ ಗೋಡೆ, ಒಳಗೆ ಸಾಲು ಸಾಲು ಕೋಲು, ಕೋಲಿನ ತುಂಬ ಎಲೆ. ವರ್ಷಗಳಿಂದ ಅವನ ಸಾಧನೆಯೆಲ್ಲ ಅಲ್ಲಿಯೇ. ಆ ಸಂಜೆ ಬೆಂಕಿ ಆರಿಸಿ ಬಾಗಿಲು ತೆಗೆದಿದ್ದರು. ಬೆಂದ ಎಲೆ ಗಾಳಿಯ ತೇವ ಕುಡಿದು ಮೆತ್ತಗಾಗಲಿ, ಇಳಿಸುವಾಗ ಪುಡಿಯಾಗದಿರಲಿ ಎಂದು ಹಾಗೆ ಬಿಡುತ್ತಾರೆ. ಅಂದರೆ ನೆತ್ತಿಯಿಂದ ಸೂರಿನವರೆಗೆ ಎಲೆ ನೇತಾಡುತ್ತಿತ್ತು. ನಾವು ಅದರಡಿಯಲ್ಲಿ ಪೆಟ್ಟಿಗೆ ಇಟ್ಟು ಕೂತೆವು.

ಮೊದಲು ಕಂದು ಕೋನಿನ ಹಳೆಯ ಸ್ಪೀಕರ್ ಹಾಕಿ ಬಾರಿಸಿದ. ಕಂಬಳಿ ಹೊದ್ದು ಮಾತಾಡಿದಂತಿತ್ತು. ಮುಖ ಸಿಂಡರಿಸಿದ. ದೊಡ್ಡದು ಹಾಕಿದ. ಆಹಾ, ದನಿ ಚುರುಕಾಗಿಯೂ ಇತ್ತು, ಗೊಗ್ಗರೂ ಇತ್ತು, ಕಿವಿಗೆ ನೋವೂ ಇರಲಿಲ್ಲ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

"ಇದೇ ಕಣ್ಲಾ ಶಶಿ."

"ಇದೇ," ಅಂದೆ ನಾನೂ. ನನಗೂ ಕಿವಿ ಇತ್ತು, ಅದೂ ಕೆಲಸಕ್ಕೆ ಬರಲಿಲ್ಲ.

ಹಳೆಯದನ್ನು ಏನು ಮಾಡುವುದು? ಊರಿನ ಬಸವೇಶ್ವರ ದೇವಸ್ಥಾನದ ಭಜನೆ ಪೆಟ್ಟಿಗೆಯ ಸ್ಪೀಕರ್ ಸುಟ್ಟುಹೋಗಿತ್ತು. ಭಜನೆ ನಡೆಸುವವರು ಅವನ ಚಿಕ್ಕಪ್ಪ ಚನ್ನಬಸವಣ್ಣ. ರೇಣುಕಾ ಅದೇ ಖುಷಿಯಲ್ಲಿ ಹೋಗಿ ದೇವರಿಗೆ ಅಂತ ಕೊಟ್ಟುಬಿಟ್ಟ.

ಮರುವಾರ ಎಚ್.ಡಿ. ಕೋಟೆಯಲ್ಲಿ ನೌಕರರೊಬ್ಬರ ಬೀಳ್ಕೊಡುಗೆ. ಟೈಲ್ಸ್ ನೆಲ, ಗಾಜಿನ ಕಿಟಕಿ, ಬೋಳು ಗೋಡೆ. ರೇಣುಕಾ ಧೈರ್ಯವಾಗಿ ಗುಂಡಿ ತಿರುಗಿಸಿ ತಂತಿ ಮೀಟಿದ. ನನ್ನ ಹಲ್ಲು ಜುಮ್ಮೆಂದವು. ಪೆಟ್ಟಿಗೆಯ ಮೊದಲಿನ ಸ್ಪೀಕರಿನ ಸದ್ದೇ ಎಷ್ಟೋ ವಾಸಿ ಇತ್ತು. ಬೀಳ್ಕೊಡುಗೆ ಪಡೆಯಬೇಕಾದವರು ಹಾರ ಹಾಕಿಕೊಂಡೇ ಎದ್ದು ಹೊರಗೆ ಹೋಗಿ ನಿಂತರು. ಲಿಂಗರಾಜಣ್ಣ ಬೈಯಲೂ ಇಲ್ಲ. ಬಂದು ಆಂಪಿನ ಪ್ಲಗ್ ಕಿತ್ತು, ನನ್ನ ಕಡೆ ತಿರುಗಿ, "ಒತ್ಲಾ," ಅಂದ.

ಒತ್ತಿದೆ. ಏನು ಮಾಡಲಿ, ಹಾಡು ಅರ್ಧಕ್ಕೆ ನಿಂತಿತ್ತು. ರೇಣುಕಾ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಯಕ್ರಮ ಮುಗಿಯುವ ತನಕ ಕೂತಿದ್ದ, ತನ್ನ ದನಿ ನನ್ನ ಬೆರಳಿನಿಂದ ಬರುವುದನ್ನು ಕೇಳುತ್ತಾ. ಆ ದಿನ ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಬಟನ್ ಕಂಡುಹಿಡಿದವನ ಮೇಲೆ ಹೆಚ್ಚು.

ಯಾಕೆ ಹೀಗಾಯಿತು ಎಂದು ತಲೆ ಕೆಡಿಸಿಕೊಂಡು ರೇಣುಕಾ ಊರಿಗೆ ಬಂದು ಪೆಟ್ಟಿಗೆಯನ್ನು ಬ್ಯಾರನ್ನಿನಲ್ಲಿಟ್ಟು ಮತ್ತೆ ಬಾರಿಸಿದ. ಅಷ್ಟರಲ್ಲಿ ಎಲೆ ಇಳಿಸಿಯಾಗಿತ್ತು, ಬರೀ ಕೋಲುಗಳಿದ್ದವು. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಎಚ್.ಡಿ. ಕೋಟೆಯಲ್ಲಿ ಕೂಗಿದಂತೆಯೇ ಕೂಗಿತು. ಅವನು ನನಗೆ ಫೋನ್ ಮಾಡಿದ.

"ಶಶಿ, ಸೊಪ್ಪು ಕುಡ್ದ್‌ಬುಟ್ಟಿತ್ತು ಕಣ್ಲಾ."

"ಏನ್ ಕುಡೀತು?"

"ಸದ್ದ. ಎಲೆ ತುಂಬಿತ್ತಲ್ಲ, ಮ್ಯಾಲಿನ ದನಿಯೆಲ್ಲ ಅದೇ ಹೀರ್ಕೊಂಡದೆ. ಅದ್ಕೇ ಹಳೇದು ಮಂಕಾಗ್ ಕೇಳ್ತು. ಛತ್ರಕ್ಕೆ ಸರ್ಯಾಗಿದ್ದುದ್ದೇ ಅದು."

ಇಡೀ ಲೋಕದಲ್ಲಿ ಗಿಟಾರಿನ ಸ್ಪೀಕರನ್ನು ಹೊಗೆಸೊಪ್ಪಿನಡಿ ಕೂತು ಆರಿಸಿದವರು ನಾವಿಬ್ಬರೇ ಇರಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ ಕೇಳಿದ್ದೆ. ಇವನು ಬೆಣ್ಣೆಯನ್ನು ದೇವರಿಗೆ ಕೊಟ್ಟು ಅಲೆದವನು.

ಕೆ.ಆರ್. ನಗರದ ಮದುವೆಯ ಹಿಂದಿನ ದಿನ ದೊಡ್ಡ ಸ್ಪೀಕರನ್ನು ಚೀಲದಲ್ಲಿ ಹಾಕಿಕೊಂಡು ದೇವಸ್ಥಾನಕ್ಕೆ ಹೋದೆವು. ಚನ್ನಬಸವಣ್ಣನವರು ಜಗಲಿಯಲ್ಲಿ ಕೂತು ತಾಳದ ದಾರ ಬದಲಾಯಿಸುತ್ತಿದ್ದರು. ಭಜನೆ ಪೆಟ್ಟಿಗೆಗೆ ಹೂವು ಮುಡಿಸಿತ್ತು. ರೇಣುಕಾ ಕೈಕಟ್ಟಿ ನಿಂತು ವಿಷಯ ಹೇಳಿದ.

"ದೇವ್ರಿಗ್ ಕೊಟ್ಟಿದ್ನ ವಾಪಸ್ ಕೇಳ್ತೀಯಾ?"

"ತಪ್ಪಾಯ್ತು ಚಿಕ್ಕಪ್ಪ. ಅದಿಲ್ದಿದ್ರೆ ನಾಳೆಗೆ ನನ್ ಬಾರ್ಸೋದು ನಿಂತೋಯ್ತದೆ."

ಚನ್ನಬಸವಣ್ಣನವರು ದಾರಕ್ಕೆ ಗಂಟು ಹಾಕುತ್ತಲೇ ಇದ್ದರು. ನನಗೆ ಸಂಜೆಯ ಬಸ್ಸು ಹೋಗುತ್ತದೆ ಎಂಬ ಚಿಂತೆ ಬೇರೆ.

"ಕೊಟ್ಟಿದ್ನ ತಗಳಂಗಿಲ್ಲ," ಅಂದರು. "ಅದ್ಕಿಂತ ಮ್ಯಾಲಾದ್ದು ಕೊಟ್ರೆ ಬದ್ಲಾಯ್ಸ್‌ಕಬೌದು. ಹಿರೀರು ಗಂಟೆ ಬದ್ಲಾಯ್ಸಿದ್ದೂ ಅಂಗೇಯ."

ರೇಣುಕಾ ಚೀಲ ಬಿಚ್ಚಿದ. ಅಲ್ಲೇ ಕೂತು ಪೆಟ್ಟಿಗೆಗೆ ದೊಡ್ಡ ಸ್ಪೀಕರ್ ಜೋಡಿಸಿದ. ಚನ್ನಬಸವಣ್ಣನವರು ಮೈಕ್ ಹಿಡಿದು ಒಮ್ಮೆ ಕೆಮ್ಮಿದರು. ಕೆರೆ ಏರಿಯ ಮೇಲೆ ಮೇಯುತ್ತಿದ್ದ ಹಸುಗಳು ತಲೆಯೆತ್ತಿದವು. ಚನ್ನಬಸವಣ್ಣನವರ ಮುಖ ಅರಳಿತು.

"ಇದು ಸ್ಪೀಕ್ರು. ನೀನ್ ಕೊಟ್ಟಿದ್ದು ಜಗ್ಲಿ ಇಳೀತಿರ್ನಿಲ್ಲ ಕಣಪ್ಪ," ಅಂದರು.

ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟಿನ ಮೇಲೆ ಮೂರು ಗೆರೆ ವಿಭೂತಿ ಬಳಿದಿದ್ದರು. ರೇಣುಕಾ ಅದನ್ನು ಒರೆಸಲಿಲ್ಲ, ಹಾಗೆಯೇ ತಂದು ತನ್ನ ಪೆಟ್ಟಿಗೆಗೆ ಹಾಕಿದ.

ಕೆ.ಆರ್. ನಗರದ ಛತ್ರದಲ್ಲಿ ಗ್ರಾನೈಟ್ ನೆಲ. ಲಿಂಗರಾಜಣ್ಣ ಎಂದಿನಂತೆ ಮುಂದೆ, ಜನರ ಕಡೆ ಮುಖ, ನಮ್ಮ ಕಡೆ ಬೆನ್ನು. ಹಾಡಲು ಶುರು ಮಾಡುವ ಮೊದಲು ತಿರುಗಿ ನನಗೆ ಬೆರಳಿನಿಂದ ಬಟನ್ ಒತ್ತುವ ಸನ್ನೆ ಮಾಡಿದ. ನಾನು ತಲೆ ಆಡಿಸಿದೆ. ಅದು ಹೂಂ ಎಂದೋ ಊಹೂಂ ಎಂದೋ ಅವನೇ ತಿಳಿದುಕೊಳ್ಳಲಿ.

ಚರಣದ ನಡುವೆ ಗಿಟಾರಿನ ಜಾಗ ಬಂತು. ರೇಣುಕಾ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಮೀಟಿದ. ಗೊಗ್ಗರು ಬಂತು. ಗಂಟಲು ಕಟ್ಟಿದ ಆ ಹೆಂಗಸು ಮಗುವನ್ನು ಕರೆದಳು, ಮೆಲ್ಲಗೆ, ಪಕ್ಕದಲ್ಲೇ ಕೂತು ಕರೆದಂತೆ. ಬೀಗರು ಮಾತಾಡುತ್ತಲೇ ಇದ್ದರು, ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಲೇ ಇದ್ದರು. ಯಾರೂ ತಿರುಗಿ ನೋಡಲಿಲ್ಲ. ನನ್ನ ಕಣ್ಣು ಮಂಜಾದವು, ಸುಳ್ಳು ಯಾಕೆ ಹೇಳಲಿ.

ಹಾಡು ಮುಗಿಯಿತು. ಲಿಂಗರಾಜಣ್ಣ ಮೈಕನ್ನು ಅಂಗೈಯಲ್ಲಿ ಮುಚ್ಚಿ, ತಿರುಗದೆಯೇ ಹೇಳಿದ: "ಭೇಷ್ ಕಣ್ಲಾ ಶಶಿ. ಬಟನ್ನಲ್ಲೇ ಇಷ್ಟ್ ಚೆಂದಾಗ್ ಬತ್ತದೆ. ಇನ್ಮ್ಯಾಕ್ ಇದೇ ಇರ್ಲಿ."

ರೇಣುಕಾ ಕೇಳಿಸಿಕೊಂಡ. ಅವನ ಕಪ್ಪು ಬೆರಳು ತಂತಿಯ ಮೇಲೇ ನಿಂತಿತು. ನಾನು ಕೀಬೋರ್ಡಿನಿಂದ ಎರಡೂ ಕೈ ತೆಗೆದು, ಪೊಲೀಸರಿಗೆ ಸಿಕ್ಕಿಬಿದ್ದವನಂತೆ ಮೇಲೆತ್ತಿ ಹಿಡಿದೆ.

"ಅಣ್ಣ, ಈ ಕಡೆ ನೋಡಣ್ಣ. ನಾನ್ ಒತ್ತೇ ಇಲ್ಲ."

ಲಿಂಗರಾಜಣ್ಣ ತಿರುಗಿದ. ನನ್ನ ಕೈ ನೋಡಿದ, ರೇಣುಕಾನನ್ನು ನೋಡಿದ, ಪೆಟ್ಟಿಗೆ ನೋಡಿದ. ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಕಾದೆ.

"ಅಂಗಾದ್ರೆ ಒಸಿ ಸೌಂಡ್ ಜಾಸ್ತಿ ಮಾಡ್ಲಾ ರೇಣುಕಾ," ಅಂದ. "ಮುಂದಕ್ಕೆ ಸರ್ಯಾಗ್ ಕೇಳಕಿಲ್ಲ."

ರೇಣುಕಾ ಗುಂಡಿ ನೋಡಿದ. ತಿರುಗಿಸಲು ಇನ್ನೇನೂ ಉಳಿದಿರಲಿಲ್ಲ. ನಾನಾಗಿದ್ದರೆ ಗಿಟಾರನ್ನು ಅಲ್ಲೇ ಒಗೆದು ಎದ್ದು ಬರುತ್ತಿದ್ದೆ. ಶ್ರಾವಣವಿಡೀ ಸದ್ದು ಇಳಿಸಲು ಒದ್ದಾಡಿದ ಆ ಮನುಷ್ಯ ಎದ್ದ. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಲಿಂಗರಾಜಣ್ಣನ ಕಾಲ ಪಕ್ಕದಲ್ಲೇ ಇಟ್ಟ. ಆಮೇಲೆ ತನ್ನ ಕುರ್ಚಿಯನ್ನೂ ತಂದು ಅದರ ಪಕ್ಕದಲ್ಲಿ ಹಾಕಿಕೊಂಡು ಕೂತ.