ಪಂಪ್ ಸ್ಟವ್‌ನಲ್ಲಿ ಕೆಂಡ ಎಲ್ಲಿಂದ ಬರಬೇಕು

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಹೊನ್ನಾಳಿಯ ಪೇಟೆ ಬೀದಿಯಲ್ಲಿ ಹುಟ್ಟಿ, ಕರೆಂಟಿನ ದೀಪದ ಕೆಳಗೆ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಅದೇ ಊರಿನ ಬಟ್ಟೆ ಅಂಗಡಿಯವರ ತಮ್ಮನಿಗೆ ಕೊಟ್ಟರು. ಅಂಗಡಿ ಮನೆ, ನೆರಳಲ್ಲಿ ಬದುಕುತ್ತಾಳೆ ಎಂದು ಅಪ್ಪನ ಲೆಕ್ಕಾಚಾರ. ಆದರೆ ನಮ್ಮ ಮನೆಯವರಿಗೆ ಅಣ್ಣನ ಗಲ್ಲಾಪೆಟ್ಟಿಗೆಯ ಎದುರು ಗಜಕಡ್ಡಿ ಹಿಡಿದು ನಿಂತು ನಿಂತು ಸಾಕಾಗಿತ್ತು. ಒಂದು ದಿನ ಕಮಾನು ಕಟ್ಟಿದ ಗಾಡಿ, ಜೋಡೆತ್ತು, ಗಾಡಿ ತುಂಬ ಉಪ್ಪಿನಕಾಯಿಯ ಪಿಂಗಾಣಿ ಜಾಡಿ ತಂದು ಮನೆ ಮುಂದೆ ನಿಲ್ಲಿಸಿ, "ನಾನು ಸಂತೆ ಮಾಡಾಕೆ ಹೋಗ್ತೀನಿ" ಅಂದರು. ಎತ್ತಿನ ಗಾಡಿಯಲ್ಲಿ ಪಿಂಗಾಣಿ ಸಾಗಿಸುವ ಆಲೋಚನೆ ಯಾವ ಪುಣ್ಯಾತ್ಮ ಕೊಟ್ಟನೋ ಇವತ್ತಿಗೂ ಗೊತ್ತಿಲ್ಲ.

ಭಾವನವರು ಎಲೆ ಅಡಿಕೆ ಉಗುಳಿ ಬಂದು, "ಯುಗಾದಿಗಂಟ ನೋಡು. ಆಗ್ಲಿಲ್ಲ ಅಂದ್ರೆ ಗಾಡಿ ಮಾರಿ ಬಂದು ಅಂಗಡ್ಯಾಗೆ ಕುಂತ್ಕ" ಅಂದರು. ಹಿಂದೆ ನಿಂತಿದ್ದ ಓರಗಿತ್ತಿ ನನ್ನ ಕಡೆ ನೋಡಿ ಮುಗುಳ್ನಕ್ಕಳು. ನಾವು ಮೂತಿ ಸಣ್ಣ ಮಾಡಿಕೊಂಡು ವಾಪಸು ಬಂದರೆ ಅವಳ ಅಡುಗೆಮನೆಯಲ್ಲಿ ಜೀವಮಾನವಿಡೀ ಈರುಳ್ಳಿ ಹೆಚ್ಚುವವಳು ನಾನೇ ಎನ್ನುವುದು ಆ ನಗುವಿನಲ್ಲೇ ಇತ್ತು. ಗಾಡಿಯಲ್ಲಿ ಕೂರಲು ನನಗೆ ಮನಸ್ಸಿರಲಿಲ್ಲ, ಆ ನಗು ನೋಡಿದ ಮೇಲೆ ನಾನೇ ಮೊದಲು ಹತ್ತಿ ಕೂತೆ.

ಆಗ ಸಂತೆ ವ್ಯಾಪಾರದವರು ಒಬ್ಬೊಬ್ಬರೇ ಓಡಾಡುತ್ತಿರಲಿಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಎಂದು ವಾರವಿಡೀ ಸುತ್ತುವ ಗಾಡಿಗಳೆಲ್ಲ ಒಟ್ಟಿಗೆ ಹೊರಟು ಒಟ್ಟಿಗೆ ತಂಗುತ್ತಿದ್ದವು. ಅದಕ್ಕೆ ಸಾಲು ಎಂದು ಹೆಸರು. ಗಾಡಿಯೇ ಅಂಗಡಿ, ಗಾಡಿಯೇ ಮನೆ. ಸಾಲಿನ ಮುಂದೆ ಹೋಗುವುದು ಮಸಾಲೆ ಸಾಮಾನು ಮಾರುವ ಒಬ್ಬ ಅಜ್ಜಿಯ ಗಾಡಿ. ಒಣಮೆಣಸಿನಕಾಯಿ ಮಾರಿ ಮಾರಿ ಮುಖವೂ ಹಾಗೇ ಆಗಿತ್ತು, ಮಾತೂ ಹಾಗೇ. ಆಕೆಯ ಹಿಂದೆ ಹಗ್ಗ ಮಾರುವವನೊಬ್ಬ, ದೊಡ್ಡ ಮೀಸೆಯವನು, ಎಲ್ಲದಕ್ಕೂ ನಗುವವನು. ಉಳಿದವರ ಗಾಡಿಗಳು ಆಮೇಲೆ. ನಮ್ಮದು ಕಟ್ಟಕಡೆಗೆ, ಎಲ್ಲರ ಧೂಳು ಕುಡಿಯುವ ಜಾಗದಲ್ಲಿ.

ಧೂಳು ಕುಡಿದರೂ ಆಗುತ್ತಿತ್ತು. ನನಗೆ ಮೈ ಉರಿದದ್ದು ಅವರ ಮಾತಿಗೆ. ಗಾಡಿಯವರದೇ ಒಂದು ಭಾಷೆಯಿತ್ತು, ಅದನ್ನು ಹೊಸಬರಿಗೆ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಮೊದಲನೇ ವಾರ ಚನ್ನಗಿರಿ ಸಂತೆಮಾಳಕ್ಕೆ ಸಂಜೆ ಹೊತ್ತಿಗೆ ತಲುಪಿದೆವು. ಅಜ್ಜಿ ಇಳಿದವಳೇ, "ನೆರಳು ಹಿಡ್ಕಳ್ರಿ" ಎಂದು ಕೂಗಿದಳು. ನಮ್ಮ ಮನೆಯವರು ದೊಡ್ಡ ಆಲದ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದರು. ಉಳಿದವರೆಲ್ಲ ಬಟಾಬಯಲಿನಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದರು. ಪೆದ್ದರು ಅಂದುಕೊಂಡೆ. ಮರುದಿನ ಸಂತೆ ತುಂಬುವ ಹೊತ್ತಿಗೆ ನೆರಳು ಸುತ್ತಿಕೊಂಡು ಅವರ ತಲೆಯ ಮೇಲೆ ಹೋಗಿತ್ತು. ನಾವು ಬಿಸಿಲಿನಲ್ಲಿ ಕಾದ ಜಾಡಿಗಳ ನಡುವೆ ಹಪ್ಪಳವಾಗಿ ಕೂತಿದ್ದೆವು. ಜಾಡಿ ಮುಟ್ಟಿ ನೋಡಿದ ಗಿರಾಕಿ ಕೈ ಸುಟ್ಟುಕೊಂಡು ಹೋಗುತ್ತಿದ್ದ. ನೆರಳು ಹಿಡಿಯುವುದೆಂದರೆ ಇವತ್ತಿನದನ್ನಲ್ಲ, ನಾಳೆ ವ್ಯಾಪಾರದ ಹೊತ್ತಿಗೆ ಬೀಳುವ ನೆರಳನ್ನು ಎಂದು ಆಗ ತಿಳಿಯಿತು. "ನಿನ್ನೆನೇ ಹೇಳಿದ್ರೆ ಏನಾಗ್ತಿತ್ರಿ?" ಎಂದು ಹಗ್ಗದವನನ್ನು ಕೇಳಿದೆ.

"ತಿಳಿತೈತೆ ಬಿಡ್ರಿ" ಎಂದು ಮೀಸೆಯಲ್ಲೇ ನಕ್ಕ.

ಆ ಮಾತೇ ನನ್ನ ತಲೆ ಕೆಡಿಸಿದ್ದು. ಏನು ಕೇಳಿದರೂ ಅದೇ. ಇನ್ನೊಂದು ದಿನ ಕೆರೆಬಿಳಚಿಯ ಹತ್ತಿರ ತಂಗಿದಾಗ, ಮಲಗುವ ಮುಂಚೆ "ಮೂಕಿ ತಿರುಗಿಸ್ರಪ್ಪ" ಅಂದರು. ಗಾಡಿಯ ಮೂತಿಯ ಮರವನ್ನು ಎಲ್ಲರೂ ತಿರುಗಿಸಿದರು, ಕತ್ತಲಲ್ಲಿ ಯಾವ ಕಡೆಗೆಂದು ಕಾಣದೆ ನಾವು ಗಾಳಿ ಕಮಾನಿನೊಳಗೆ ನುಗ್ಗದ ದಿಕ್ಕಿಗೆ ತಿರುಗಿಸಿದೆವು. ಬೆಳಗ್ಗೆ ನಸುಕಿನಲ್ಲಿ ಎತ್ತು ಕಟ್ಟಿ ಹೊರಟರೆ ಎಲ್ಲ ಗಾಡಿಗಳೂ ನಮಗೆ ಎದುರಾಗಿ ಬರುತ್ತಿವೆ. ನಾಳೆ ಹೋಗುವ ಊರಿನ ಕಡೆ ಮೂಕಿ ಇಟ್ಟು ಮಲಗುವುದು ಪದ್ಧತಿಯಂತೆ. ಆ ಇಕ್ಕಟ್ಟಿನ ದಾರಿಯಲ್ಲಿ ನಮ್ಮ ಗಾಡಿ ಹಿಂದೆ ತಿರುಗಿಸಿಕೊಳ್ಳುವಷ್ಟರಲ್ಲಿ ಸೂರ್ಯ ನೆತ್ತಿಗೆ ಬರುವುದೊಂದು ಬಾಕಿ. ಸಾಲಿನವರು ಯಾರೂ ಬೈಯಲಿಲ್ಲ. ಸಾಲಾಗಿ ಕೂತು ಬೀಡಿ ಸೇದುತ್ತಾ ನೋಡಿದರು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ನಮ್ಮ ಮನೆಯವರದು ಎಮ್ಮೆಯ ತಾಳ್ಮೆ. "ಹೊಸಬರಲ್ಲೇನೆ ನಾವು, ಹಂಗೇ ಇರತೈತೆ" ಅನ್ನುತ್ತಿದ್ದರು. ನಾನು ಮಾತ್ರ ಇನ್ನು ಇವರನ್ನು ಏನನ್ನೂ ಕೇಳುವುದಿಲ್ಲ ಎಂದು ಹಟ ತೊಟ್ಟೆ. ಇವರ ಹಂಗು ಯಾಕೆ? ನನ್ನ ಬಳಿ ಪಂಪ್ ಸ್ಟವ್ ಇತ್ತು.

ಆ ಸ್ಟವ್ ತವರಿನಿಂದ ಬಂದದ್ದು. ಹಿತ್ತಾಳೆಯದು, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮುಖ ಕಾಣುತ್ತಿತ್ತು. ಸಾಲಿನ ಹೆಂಗಸರು ಸಂಜೆ ಕಲ್ಲು ಹುಡುಕಿ, ಪುಳ್ಳೆ ಆರಿಸಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವಾಗ ನಾನು ಗಾಡಿಯ ಪಕ್ಕದಲ್ಲಿ ಚಾಪೆ ಹಾಸಿ, ಪಿನ್ ಹಾಕಿ, ನಾಲ್ಕು ಸಲ ಪಂಪ್ ಹೊಡೆದು ಭುಸ್ ಎಂದು ಹೊತ್ತಿಸುತ್ತಿದ್ದೆ. ಎತ್ತುಗಳು ಬೆಚ್ಚುತ್ತಿದ್ದವು. ಹೆಂಗಸರು ತಿರುಗಿ ನೋಡುತ್ತಿದ್ದರು. ಹೊಟ್ಟೆಕಿಚ್ಚು ಎಂದು ನಾನು ತಿಳಿದು ಇನ್ನೆರಡು ಪಂಪ್ ಜಾಸ್ತಿ ಹೊಡೆಯುತ್ತಿದ್ದೆ.

ಅಷ್ಟು ದಿನ ಅವರ ಜೊತೆ ತಂಗಿದರೂ ಒಂದನ್ನು ನಾನು ಕಂಡೂ ಕಾಣಲಿಲ್ಲ. ಸಾಲಿನಲ್ಲಿ ಒಲೆಗೆ ಕಡ್ಡಿ ಗೀರುತ್ತಿದ್ದದ್ದು ಅಜ್ಜಿ ಒಬ್ಬಳೇ. ಉಳಿದ ಹೆಂಗಸರು ಹೆಂಚಿನ ಚೂರು ಹಿಡಿದು ಆಕೆಯ ಒಲೆಯ ಹತ್ತಿರ ಹೋಗಿ, ಒಂದು ಕೆಂಡ ಇಸಿದುಕೊಂಡು ಬಂದು ತಮ್ಮ ಒಲೆ ಹೊತ್ತಿಸುತ್ತಿದ್ದರು. ಕಡ್ಡಿಪೆಟ್ಟಿಗೆ ಉಳಿಸುವ ಜಿಪುಣತನ ಎಂದುಕೊಂಡಿದ್ದೆ.

ದಿನ ಹೋದ ಹಾಗೆ ನಮ್ಮ ಗಾಡಿ ಇನ್ನೂ ದೂರ ಸರಿಯಿತು. ಸಾಲಿನಲ್ಲಿ ಪಕ್ಕದಲ್ಲಿ ಗಾಡಿ ನಿಲ್ಲಿಸಲು ಬಿಡುವುದಕ್ಕೆ ಮಗ್ಗಲು ಕೊಡುವುದು ಅನ್ನುತ್ತಿದ್ದರು. ಮಗ್ಗಲಿನವರು ನೀವು ನೀರಿಗೆ ಹೋದಾಗ ಸಾಮಾನು ಕಾಯುತ್ತಾರೆ, ಎತ್ತು ಹಗ್ಗ ಬಿಚ್ಚಿಕೊಂಡರೆ ಹಿಡಿಯುತ್ತಾರೆ, ಬಂದ ಗಿರಾಕಿಯನ್ನು "ಈಗ ಬರ್ತಾರೆ ಕುಂದ್ರಿ" ಎಂದು ಕೂರಿಸಿಕೊಳ್ಳುತ್ತಾರೆ. ನಮಗೆ ಯಾರೂ ಮಗ್ಗಲು ಕೊಡಲಿಲ್ಲ. ಹೊನ್ನಾಳಿ ಸಂತೆಯಲ್ಲಿ, ನನ್ನ ಸ್ವಂತ ಊರಿನಲ್ಲಿ, ಒಣಮೀನು ಮಾರುವಲ್ಲಿಂದಲೂ ಆಚೆ ಗಾಡಿ ಬಿಡಬೇಕಾಯಿತು. ಇಬ್ಬರೂ ನೀರಿಗೆ ಹೋದಾಗ ಯಾರದೋ ಆಡು ಬಂದು ಜಾಡಿಗಳ ನಡುವೆ ತುರುಕಿದ್ದ ಹುಲ್ಲು ತಿನ್ನುತ್ತಾ ಮೇಲೆ ಹತ್ತಿ ದೊಡ್ಡ ಜಾಡಿಗಳನ್ನೇ ಆರಿಸಿ ಉರುಳಿಸಿತು. ಚೂರುಗಳನ್ನು ಗುಡ್ಡೆ ಮಾಡುತ್ತಾ ನಮ್ಮ ಮನೆಯವರು, "ಮಗ್ಗಲು ಇಲ್ದೆ ಸಂತೆ ಮಾಡಾಕಾಗಲ್ಲ ಕಣೆ. ಜಗಳೂರು ಕಡೆ ಒಂದು ಸುತ್ತು ಹೋಗಿ ಬಂದು ಗಾಡಿ ಮಾರಿಬಿಡಾನ" ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಿಟ್ಟು ಮಾಡಬೇಕು ಅಂದುಕೊಂಡೆ, ಬರಲಿಲ್ಲ. ಅಳು ಬಂತು.

ಸುಗ್ಗಿ ಮುಗಿದ ಮೇಲೆ ಸಾಲು ಒಮ್ಮೆ ಜಗಳೂರಿನ ಕಡೆ ಹೋಗುವುದು ವಾಡಿಕೆ. ಯುಗಾದಿ ಹತ್ತಿರವಿತ್ತು. ಜಗಳೂರು ಸಂತೆ ಮುಗಿಸಿ ಸೊಕ್ಕೆಯ ದಾರಿ ಹಿಡಿದಾಗ ಮಧ್ಯಾಹ್ನ. ಮರ ಕಾಣದ ಬಯಲು. ಇದ್ದಕ್ಕಿದ್ದಂತೆ ಮೋಡ ಕವಿದು, ಅಡ್ಡಗಾಳಿಯ ಜೊತೆ ಮಳೆ ಬಿತ್ತು. ಬಿದ್ದದ್ದು ಸ್ವಲ್ಪ ಹೊತ್ತೇ, ಆದರೆ ಮೇಲಿಂದ ಬೀಳಲಿಲ್ಲ, ಪಕ್ಕದಿಂದ ಬಂತು. ಕಮಾನಿನ ಚಾಪೆ ಹಾರಿಹೋಯಿತು. ಗಾಡಿಯ ಅಡಿಗೆ ಕಟ್ಟಿದ್ದ ಕುಳ್ಳು, ಕಟ್ಟಿಗೆ ಎಲ್ಲ ತೊಪ್ಪೆಯಾಯಿತು. ಅಜ್ಜಿಯ ಮಡಿಲಲ್ಲಿದ್ದ ಕಡ್ಡಿಪೆಟ್ಟಿಗೆ ಹಿಟ್ಟಾಯಿತು. ಬೀಡಿ ಸೇದುವವರ ಜೇಬಿನಲ್ಲಿದ್ದವೂ ಹಾಗೇ ಆದವು. ನನ್ನ ಕಡ್ಡಿಪೆಟ್ಟಿಗೆ ಮಾತ್ರ ಮುಚ್ಚಳದ ಜಾಡಿಯಲ್ಲಿ ಬೆಚ್ಚಗಿತ್ತು. ಜಾಡಿಯಿಂದ ಆದ ಮೊದಲ ಪ್ರಯೋಜನ ಅದು.

ಮಳೆ ನಿಂತಿತು. ಸಂಜೆಯ ಬೆಳಕು ಇನ್ನೂ ಇತ್ತು. ಎಲ್ಲರೂ ಒದ್ದೆ ಕೋಳಿಗಳ ಹಾಗೆ ಕೂತಿದ್ದರು. ನಾನು ಸ್ಟವ್ ಹೊತ್ತಿಸಿದೆ. ಭುಸ್ ಅಂದಿತು. ಇವತ್ತು ನೋಡಲಿ ಎಂದು ಬೇಕೆಂದೇ ಜೋರಾಗಿ ಪಂಪ್ ಹೊಡೆದೆ. ತಲೆ ಎತ್ತಿದರೆ ಎದುರಿಗೆ ಅಜ್ಜಿ, ಕೈಯಲ್ಲಿ ಹೆಂಚಿನ ಚೂರು.

"ಕೆಂಡ ಕೊಡವ್ವ" ಅಂದಳು.

ನಾನು ಸ್ಟವ್ ನೋಡಿದೆ. ಪಂಪ್ ಸ್ಟವ್‌ನಲ್ಲಿ ಕೆಂಡ ಎಲ್ಲಿಂದ ಬರಬೇಕು? ನೀಲಿ ಉರಿ, ಭುಸುಗುಟ್ಟುವ ಸದ್ದು, ಅಷ್ಟೇ. "ಇದ್ರಾಗೆ ಕೆಂಡ ಇರಲ್ಲ ಅಜ್ಜಿ. ಕಡ್ಡಿಪೆಟ್ಟಿಗೇನೇ ತಗಳ್ರಿ" ಅಂದೆ.

"ಕಡ್ಡಿ ತಗಂಡು ಒದ್ದೆ ಕಟ್ಟಿಗೆ ಮುಂದೆ ಏನು ಮಾಡ್ಲಿ? ಕೆಂಡ ಬೇಕು." ಅಲುಗಲಿಲ್ಲ.

ಜಾಡಿ ತುಂಬಿ ತಂದಿದ್ದ ಮರದ ಪೆಟ್ಟಿಗೆಯೊಂದು ಗಾಡಿಯಲ್ಲಿ ಜಾಡಿಗಳ ಅಡಿಗೆ ಸಿಕ್ಕಿ ನೆನೆಯದೆ ಉಳಿದಿತ್ತು. ನಮ್ಮ ಮನೆಯವರು ಅದರ ಒಂದು ಪಟ್ಟಿ ಕಿತ್ತು ತುಂಡು ಮಾಡಿಕೊಟ್ಟರು. ಇಕ್ಕಳದಲ್ಲಿ ಹಿಡಿದು ಸ್ಟವ್ ಮೇಲೆ ಸುಡತೊಡಗಿದೆ. ತುಂಡು ಭಗ್ಗೆಂದು ಉರಿದು ಬೂದಿಯಾಯಿತು, ಕೆಂಡವಾಗಲಿಲ್ಲ. ಇನ್ನೊಂದು. ಅದೂ ಹಾಗೇ. ಮೂಗಿನ ತುಂಬ ಸೀಮೆಎಣ್ಣೆ ವಾಸನೆ. ಹಿತ್ತಾಳೆ ಸ್ಟವ್ ಕಪ್ಪಗಾಗಿ, ಮುಖ ಕಾಣುವುದಿರಲಿ, ಸ್ಟವ್ ಎಂದೇ ಕಾಣುತ್ತಿರಲಿಲ್ಲ. ಸಾಲಿನವರೆಲ್ಲ ಬಂದು ಸುತ್ತ ನಿಂತರು. ಕೊನೆಗೆ ಒಂದು ಗಂಟುಮರದ ತುಂಡು ಕೆಂಪಗೆ ನಿಂತಿತು. ಅಷ್ಟರಲ್ಲಿ ಎಣ್ಣೆ ಮುಗಿದು ಸ್ಟವ್ ಬಿಕ್ಕಳಿಸಿ ಆರಿಹೋಯಿತು.

ಕೆಂಡವನ್ನು ಹೆಂಚಿಗೆ ಹಾಕುತ್ತಾ ತಡೆಯಲಾಗದೆ ಕೇಳಿಯೇ ಬಿಟ್ಟೆ. "ನಮ್ಮನ್ನ ಯಾಕೆ ಸಾಲಿಗೆ ಸೇರಿಸ್ಕಣಲ್ಲ ಅಜ್ಜಿ?"

ಅಜ್ಜಿ ಕೆಂಡ ಊದಿ ನೋಡಿ ಅಂದಳು. "ಸಾಲಿಗೆಲ್ಲ ಒಂದೇ ಬೆಂಕಿ. ಬೇಕಾದರು ಬಂದು ಕೇಳಿ ತಗಂಡು ಹೋಗ್ತಾರೆ. ನೀನು ಬರ್ಲಿಲ್ಲ. ನಿನ್ನ ಬೆಂಕಿ ನಿಂಗೈತೆ, ನಮ್ಮ ಸಾಲು ನಿಂಗೆ ಬ್ಯಾಡ ಅಂತ ಸುಮ್ಕಾದ್ವಿ."

"ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿಸ್ಕಂಡು ಬಂದು ಕೇಳಿದ್ರೆ ಅದು ಕೇಳಿದಂಗಾಗತೈತೇನು?"

ಹೊರಟುಹೋದಳು. ಸ್ವಲ್ಪ ಹೊತ್ತಿನಲ್ಲಿ ಸಾಲಿನ ಒಲೆಗಳೆಲ್ಲ ಹೊಗೆಯಾಡಿದವು. ನಮ್ಮ ಗಾಡಿ ಮಾತ್ರ ತಣ್ಣಗಿತ್ತು. ಮಂಡಕ್ಕಿ ತಿಂದು ನೀರು ಕುಡಿದೆವು.

ಮರುದಿನ ಸಂಜೆ ದಾರಿಯಲ್ಲಿ ಒಂದು ಹುಣಸೆಮರದ ಹತ್ತಿರ ತಂಗಿದೆವು. ಅಜ್ಜಿಯ ಒಲೆ ಹೊತ್ತಿತು. ಹೆಂಗಸರು ಒಬ್ಬೊಬ್ಬರೇ ಹೋಗಿ ಕೆಂಡ ತಂದರು. ನಾನು ಒಡೆದ ಜಾಡಿಯ ಒಂದು ಚೂರು ಹಿಡಿದು ಎದ್ದೆ. ಕಟ್ಟಕಡೆಯಿಂದ ಮೊದಲ ಗಾಡಿಯವರೆಗೆ ನಡೆಯುವುದಿದೆಯಲ್ಲ, ಮದುವೆಯ ಮಂಟಪಕ್ಕೆ ಹೋದ ದಾರಿಯೂ ನನಗೆ ಅಷ್ಟು ಉದ್ದ ಅನ್ನಿಸಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಚೂರನ್ನು ಮುಂದೆ ಚಾಚಿ, "ಅಜ್ಜಿ, ಕೆಂಡ ಕೊಡ್ರಿ" ಅಂದೆ.

ಅಜ್ಜಿ ಇಕ್ಕಳ ಎತ್ತಿದವಳು ನಿಲ್ಲಿಸಿದಳು. "ಒಲೆ ಹೂಡಿದೀಯೇನು?"

ಒಲೆ. ಅದೊಂದು ನನಗೆ ಹೊಳೆದೇ ಇರಲಿಲ್ಲ. ಹಗ್ಗದವನು ಹೊಟ್ಟೆ ಹಿಡಿದುಕೊಂಡು ನಕ್ಕ, ಸಾಲೆಲ್ಲ ನಕ್ಕಿತು, ಕೊನೆಗೆ ನನಗೂ ನಗು ತಡೆಯಲಾಗಲಿಲ್ಲ. ಓಡಿಹೋಗಿ ಮೂರು ಕಲ್ಲು ಹುಡುಕಿ ತಂದೆ. ಒಂದು ದಪ್ಪ, ಎರಡು ಸಣ್ಣ, ಪಾತ್ರೆ ಒಂದು ಕಡೆ ವಾಲಿಕೊಂಡೇ ನಿಂತಿತು. ಊದಿದ ಬೂದಿಯೆಲ್ಲ ನನ್ನ ಮುಖಕ್ಕೇ ಬಂತು. ಅನ್ನ ಅರ್ಧ ಬೆಂದು ಅರ್ಧ ಸೀದಿತ್ತು. ನಮ್ಮ ಮನೆಯವರು ಎರಡನೇ ಸಲ ಬಡಿಸಿಕೊಂಡರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆ ಎಂದು ಅವರು ತಿಳಿದರು. ಅದು ಬರೀ ಹೊಗೆಯಾಗಿರಲಿಲ್ಲ, ನನಗೆ ಅಷ್ಟು ಸಂತೋಷವಾಗಿತ್ತು.

ಅಜ್ಜಿ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು. "ನ್ಯಾಮತಿ ಸಂತಿಗೆ ನಮ್ಮ ಮಗ್ಗಲಿಗೇ ಹಾಕ್ರಿ ಗಾಡಿ. ಹಿಂಗೆ ಉಣ್ಣಾಕೆ ಹಾಕಿದ್ರೆ ಗಂಡ ಉಳಿಯಲ್ಲ" ಎಂದು ಹೋದಳು.

ಯುಗಾದಿಗೆ ಹೊನ್ನಾಳಿ ಮನೆಗೆ ಹೋದೆವು. ಭಾವನವರು ಗಾಡಿ ಕೊಳ್ಳಲು ಒಬ್ಬರನ್ನು ಕರೆಸಿ ಕೂರಿಸಿದ್ದರು. ನಮ್ಮ ಮನೆಯವರು ಅವರಿಗೆ ಬೇವು ಬೆಲ್ಲ ಕೊಟ್ಟು, ಒಂದು ಜಾಡಿಯನ್ನೂ ಮಾರಿ ಕಳಿಸಿದರು. ನಾನು ತಿಕ್ಕಿ ತೊಳೆದ ಪಂಪ್ ಸ್ಟವ್ ತೆಗೆದು ಓರಗಿತ್ತಿಯ ಕೈಗೆ ಕೊಟ್ಟೆ, ನನಗಿನ್ನು ಬೇಡ ಅಂದೆ. ಅವಳ ಮುಖ ಅರಳಿತು. ಅತ್ತಿತ್ತ ತಿರುಗಿಸಿ ನೋಡಿ, "ಇದ್ರಾಗೆ ಪಿನ್ ಎಲ್ಲಿ ಹಾಕಾದು, ಪಂಪ್ ಎಷ್ಟು ಹೊಡಿಯಾದು?" ಎಂದು ಕೇಳಿದಳು.

"ತಿಳಿತೈತೆ ಬಿಡ್ರಿ ಅಕ್ಕ" ಎಂದು ಗಾಡಿ ಹತ್ತಿದೆ.